ಯಜಮಾನಿ ನಿಂತ ಜಾಗಗಳು

ತಮ್ಮ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಉಳಿದದ್ದು ಒಂದು ಕುದುರೆ, ಒಂದು ನಾಯಿ, ಹಾಲಿನ ಕ್ಯಾನುಗಳು ಮತ್ತು ಒಂದು ರಟ್ಟಿನ ಪೆಟ್ಟಿಗೆಯ ತುಂಬ ಮಾತ್ರೆ. ಕ್ಯಾನುಗಳನ್ನು ಡೈರಿಯವರು ತೆಗೆದುಕೊಂಡು ಹೋದರು. ಮಾತ್ರೆಯ ಪೆಟ್ಟಿಗೆಯನ್ನು ಅಣ್ಣ ತನ್ನ ಮನೆಗೆ ತಂದು, ಹೊಲಿಗೆ ಯಂತ್ರದ ಪಕ್ಕದ ಕಪಾಟಿನಲ್ಲಿ ಪ್ರಾರ್ಥನೆಯ ಪುಸ್ತಕದ ಹತ್ತಿರ ಇಟ್ಟುಕೊಂಡ.

ಅಣ್ಣ ದರ್ಜಿ. ಜೀವಮಾನವೆಲ್ಲ ಕುಳಿತು ಯಂತ್ರ ತುಳಿದವನು. ಬೆನ್ನು ಬಾಗಿದ್ದರೂ ಕಾಲು ಗಟ್ಟಿಯಾಗಿತ್ತು. ತಮ್ಮ ಹಾಲಿನ ಗಾಡಿಯವನು. ಅವನದು ಇದಕ್ಕೆ ತಿರುಗುಮುರುಗು. ಬೆನ್ನು ಕಂಬದ ಹಾಗೆ ನೆಟ್ಟಗಿತ್ತು, ಕಾಲು ಕೈಕೊಟ್ಟಿತ್ತು. ಕಾಲಿನ ರಕ್ತನಾಳ ಕಿರಿದಾಗಿ, ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ಬಿಡುತ್ತಿತ್ತು. ಅದಕ್ಕೇ ಆ ಮಾತ್ರೆ.

ಗಾಡಿಯ ಕೆಲಸ ಮುಗಿಸಿ, ಯಜಮಾನಿಯನ್ನು ಲಾಯದಲ್ಲಿ ಕಟ್ಟಿ, ತಮ್ಮ ಪ್ರತಿ ಸಂಜೆ ಒಂದು ಪುಟ್ಟ ಕ್ಯಾನಿನಲ್ಲಿ ಹಾಲು ಹಿಡಿದು ಅಣ್ಣನ ಮನೆಗೆ ನಡೆದು ಬರುತ್ತಿದ್ದ. ಯಜಮಾನಿ ಎಂದರೆ ಅವನ ಕುದುರೆ. 'ಗಾಡಿ ನನ್ನದು, ದಾರಿ ಅವಳದು' ಎಂದು ಅವನೇ ಇಟ್ಟ ಹೆಸರು. ನಾಯಿಯ ಹೆಸರು ಗುಮಾಸ್ತ. ಗಾಡಿಯ ಹಿಂದೆ ಮನೆಮನೆಗೂ ಹೋಗಿ ಹೊಸಿಲು ಮೂಸಿ ತನಿಖೆ ಮಾಡಿ ಬರುತ್ತಿದ್ದುದರಿಂದ. ಸಂಜೆಯ ನಡಿಗೆಗೆ ಗುಮಾಸ್ತ ಮಾತ್ರ ಜೊತೆ. ಯಜಮಾನಿ ಆ ಗಲ್ಲಿಯನ್ನು ಕಂಡವಳೇ ಅಲ್ಲ. ಗಾಡಿ ನುಗ್ಗದಂತೆ ಗಲ್ಲಿಯ ಬಾಯಿಗೆ ಕಲ್ಲುಕಂಬ ನೆಟ್ಟಿದ್ದರು.

ಬರುವ ದಾರಿಯಲ್ಲಿ ತಮ್ಮ ನಿಲ್ಲುತ್ತಿದ್ದ. ಯಂತ್ರದ ಪಕ್ಕದ ಕಿಟಕಿಯಿಂದ ಅದು ಅಣ್ಣನಿಗೆ ದೂರದಿಂದಲೇ ಕಾಣುತ್ತಿತ್ತು. ಮೊದಮೊದಲು ಅಣ್ಣನ ಗೇಟಿನ ಹತ್ತಿರದ ದೀಪದ ಕಂಬದ ಕೆಳಗೆ ಮಾತ್ರ. ವರ್ಷ ಕಳೆದಂತೆ ಕೆಂಪು ಅಂಚೆ ಡಬ್ಬಿಯ ಬಳಿಯೂ ನಿಲ್ಲತೊಡಗಿದ. ಕೊನೆಗಾಲಕ್ಕೆ ಗಲ್ಲಿಯ ಆರಂಭದ ಗಡಿಯಾರದ ಅಂಗಡಿಯ ಮುಂದೆಯೂ. ನೋವು ಎಂದು ಒಂದು ಸಲವೂ ಬಾಯಿ ಬಿಡಲಿಲ್ಲ.

"ಅಣ್ಣ, ಅಂಗಡೀಲಿ ಹೊಸ ಗೋಡೆ ಗಡಿಯಾರ ಬಂದಿದೆ ನೋಡು, ಹಕ್ಕಿ ಬಂದು ಕೂಗುತ್ತೆ," ಅನ್ನುತ್ತಿದ್ದ.

"ನಿನ್ನ ಕಾಲು ಸರಿ ಇದ್ದಿದ್ರೆ ಈ ಊರಲ್ಲಿ ಗಡಿಯಾರ ಇದೆ ಅನ್ನೋದೇ ನಿನಗೆ ಗೊತ್ತಾಗ್ತಿರಲಿಲ್ಲ," ಅನ್ನುತ್ತಿದ್ದ ಅಣ್ಣ.

ಗೇಟಿಗೆ ಬಂದವನು ಊರುಗೋಲಿನಿಂದ ಎರಡು ಸಲ ತಟ್ಟುತ್ತಿದ್ದ. ಒಳಗೆ ಯಂತ್ರದ ಸದ್ದು ನಿಲ್ಲುತ್ತಿತ್ತು. ಅಷ್ಟೇ ಆ ಮನೆಯ ಸಂಜೆ. ಒಂದು ಬೆಳಿಗ್ಗೆ ತಮ್ಮ ಹಾಸಿಗೆಯಿಂದ ಏಳಲಿಲ್ಲ. ಹೃದಯ ನಿಂತಿತ್ತು. ಭಗವಂತನ ಇಚ್ಛೆ ಎಂದು ದರ್ಜಿ ಎಲ್ಲರಿಗೂ ಹೇಳಿದ. ಹೇಳುವಾಗಲೆಲ್ಲ ಅವನ ಕಾಲು ತಾನಾಗಿ, ಯಂತ್ರವಿಲ್ಲದೆಯೇ, ತುಳಿಯುತ್ತಿತ್ತು.

ತಮ್ಮನ ಮಗಳು ಪ್ರಾಣಿಗಳ ಡಾಕ್ಟರು. ತಂದೆಯ ಬಾಡಿಗೆ ಮನೆ ಬಿಟ್ಟುಕೊಡುವ ದಿನ ಅವಳು ದೊಡ್ಡಪ್ಪನ ಮನೆಗೆ ಬಂದು, ಮೊಣಕೈವರೆಗೆ ಮಡಚಿದ ಅಂಗಿಯ ತೋಳನ್ನು ಇಳಿಸಿಕೊಳ್ಳುತ್ತಾ ಕಪಾಟಿನ ಕಡೆ ನೋಡಿದಳು.

"ದೊಡ್ಡಪ್ಪ, ಅಪ್ಪನ ಮಾತ್ರೆ ನಿಮ್ಮ ಹತ್ತಿರ ಇದೆಯಲ್ಲ, ಕೊಡಿ."

"ಯಾಕಮ್ಮ? ನಿನಗೇನಾಗಿದೆ?"

"ನನಗಲ್ಲ. ಯಜಮಾನಿಗೆ. ಗುಮಾಸ್ತನಿಗೂ."

ದರ್ಜಿ ಕನ್ನಡಕ ತೆಗೆದು ಅವಳನ್ನು ನೋಡಿದ. "ಮನುಷ್ಯರ ಮಾತ್ರೆ ಕುದುರೆಗಾ? ಓದಿದ್ದು ಜಾಸ್ತಿ ಆಯ್ತಾ ಹೇಗೆ?"

ಅವಳು ನಕ್ಕಳು, ತಂದೆ ಹೋದ ಮೇಲೆ ಮೊದಲ ಸಲ. "ಕಿರಿದಾದ ನಾಳದೊಳಗೂ ರಕ್ತ ಸಲೀಸಾಗಿ ನುಸುಳೋ ಹಾಗೆ ಮಾಡುತ್ತೆ, ಅಷ್ಟೇ ಅದರ ಕೆಲಸ. ಮಾಡಿದ್ದು ಮನುಷ್ಯರ ಕಾಲಿಗೆ ಅಂತ. ಆದರೆ ಕುದುರೆ ಗೊರಸಿಗೂ ಕೊಡ್ತೀವಿ, ನಾಯಿ ಚರ್ಮಕ್ಕೂ ಕೊಡ್ತೀವಿ. ಯಜಮಾನಿಯ ಮುಂಗಾಲಿನ ಗೊರಸಿನ ಒಳಗೆ ಹಿಂಭಾಗದಲ್ಲಿ ಒಂದು ಸಣ್ಣ ಮೂಳೆ ಇದೆ. ಅಲ್ಲಿಗೆ ರಕ್ತ ಸರಿಯಾಗಿ ಹೋಗ್ತಿಲ್ಲ. ಗುಮಾಸ್ತನ ಕಿವಿ ಅಂಚು ನೋಡಿ, ಕಪ್ಪಗಾಗಿ ಒಡೀತಾ ಇದೆ. ಅದೂ ಅದೇ ಕಥೆ."

"ವಾಸಿ ಆಗುತ್ತಾ?"

"ಕೆಲವಕ್ಕೆ ಹಿಡಿಯುತ್ತೆ, ಕೆಲವಕ್ಕೆ ಹಿಡಿಯಲ್ಲ. ಇವತ್ತು ಹಿಮ್ಮಡಿ ಎತ್ತರಿಸಿ ಹೊಸ ಲಾಳ ಹಾಕಿಸ್ತಾ ಇದ್ದೀನಿ. ಮತ್ತೆ ಲಾಳ ಬದಲಿಸೋ ಹೊತ್ತಿಗೆ ನೆಟ್ಟಗೆ ನಡೆದ್ರೆ ಸರಿ. ಇಲ್ಲದಿದ್ದರೆ..." ಅವಳು ತೋಳಿನ ಗುಂಡಿ ಹಾಕುತ್ತಾ ನೆಲ ನೋಡಿದಳು. "ಇಲ್ಲದಿದ್ದರೆ ಇನ್ನೊಂದು ಲಾಳ ಬೇಡ. ನೋವಿಲ್ಲದ ಹಾಗೆ ಕಳಿಸಿಕೊಡ್ತೀನಿ. ನಾವು ನೋಡೋ ಸಂತೋಷಕ್ಕೆ ಅದನ್ನ ನೋವಲ್ಲಿ ನಿಲ್ಲಿಸಿಕೊಂಡಿರೋದು ಪಾಪ, ದೊಡ್ಡಪ್ಪ."

ಹೀಗೆ ಯಜಮಾನಿ ದರ್ಜಿಯ ಹಿತ್ತಲಿನ ಶೆಡ್ಡಿಗೆ ಬರುವುದೆಂದು ತೀರ್ಮಾನವಾಯಿತು. ಮಗಳಿಗೆ ಹಗಲೆಲ್ಲ ಆಸ್ಪತ್ರೆಯ ಕೆಲಸ. ಔಷಧಿ ಕೊಡುವುದು ದೊಡ್ಡಪ್ಪನ ಪಾಲಿಗೆ ಬಂತು. ತಮ್ಮ ಒಂದೊಂದಾಗಿ ನುಂಗುತ್ತಿದ್ದ ಮಾತ್ರೆಯನ್ನು ಯಜಮಾನಿಗೆ ಹೊತ್ತಿಗೆ ಹತ್ತರಂತೆ, ಬೆಳಿಗ್ಗೆ ಸಂಜೆ ಪುಡಿ ಮಾಡಿ ತವುಡಿಗೆ ಕಲಸಬೇಕು. ಔಷಧಿ ಅಂಗಡಿಯವಳು ಬಾಯಿ ಮೇಲೆ ಕೈಯಿಟ್ಟುಕೊಂಡಳಂತೆ: ಇದು ಪುಡಿ ಮಾಡುವ ಮಾತ್ರೆಯಲ್ಲ, ಇಡಿಯಾಗಿ ನುಂಗುವುದು ಎಂದು. "ಕುದುರೆಗೆ ನುಂಗು ಅಂತ ನೀವೇ ಬಂದು ಹೇಳಿ," ಎಂದು ಮಗಳು ಉತ್ತರ ಕೊಟ್ಟು ಬಂದಿದ್ದಳು. ಗುಮಾಸ್ತನ ಪಾಲು ಬಹಳ ಚಿಕ್ಕದು. ಅದನ್ನು ಅವಳೇ ಅಳೆದು ಬೇರೆ ಪೊಟ್ಟಣ ಕಟ್ಟಿಟ್ಟಳು.

ಯಜಮಾನಿಯನ್ನು ಕರೆತರಲು ದರ್ಜಿ ಆ ಸಂಜೆ ಲಾಯಕ್ಕೆ ಹೋದ. ಲಾಳದವನು ಮುಂಗಾಲನ್ನು ತೊಡೆಯ ನಡುವೆ ಹಿಡಿದು ಗೊರಸಿನ ಅಂಚು ಉಜ್ಜುತ್ತಿದ್ದ. ಮೊದಲ ಪುಡಿಯನ್ನು ದರ್ಜಿ ಅಲ್ಲಿಯೇ ತಿನ್ನಿಸಿದ. ಅವಳು ಮೂತಿ ಮುರಿದಳು, ಆಮೇಲೆ ಬಕೆಟ್ಟಿನ ತಳ ನೆಕ್ಕಿದಳು.

"ಏನಜ್ಜ, ತಮ್ಮನ ಆಸ್ತಿಯೆಲ್ಲ ಕುದುರೆ ಹೊಟ್ಟೆಗೇ ಹೋಯ್ತು," ಎಂದ ಲಾಳದವನು.

"ನಿನ್ನ ನಾಲಗೆಗೂ ಒಂದು ಲಾಳ ಹೊಡಿಬೇಕು," ಎಂದ ದರ್ಜಿ.

ಹಗ್ಗ ಹಿಡಿದು ಹೊರಟ. ಗುಮಾಸ್ತ ಮುಂದೆ. ಕಲ್ಲುಕಂಬಗಳ ನಡುವೆ ಯಜಮಾನಿ ಹೊಟ್ಟೆ ಎಳೆದುಕೊಂಡು ತೂರಿದಳು. ಗಡಿಯಾರದ ಅಂಗಡಿಯ ಮುಂದೆ ಬಂದಾಗ ಹಗ್ಗ ಬಿಗಿಯಾಯಿತು.

ಅವಳು ನಿಂತಿದ್ದಳು. ಕತ್ತನ್ನು ಗಾಜಿನ ಕಡೆ ತಿರುಗಿಸಿ ಒಳಗಿನ ಗಡಿಯಾರಗಳನ್ನು ನೋಡುತ್ತಿದ್ದಳು. ಗುಮಾಸ್ತ ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗಿ, ಕುಳಿತು, ಬೇರೆಲ್ಲೋ ನೋಡುತ್ತಾ ಕಾಯಿತು. ತಮ್ಮ ನಿಂತಾಗ ಅದು ಹಾಗೆಯೇ ಮಾಡುತ್ತಿತ್ತು. ನಿಂತವನ ಮುಖ ನೋಡಬಾರದೆಂದು ಯಾರೋ ಹೇಳಿಕೊಟ್ಟಿದ್ದಂತೆ.

ದರ್ಜಿ ಒಂದು ಹೆಜ್ಜೆ ಹಿಂದೆ ಸರಿದ. ಕಾಲುನೋವಿನ ಕುದುರೆ, ಎಲ್ಲಿಯಾದರೂ ನಿಲ್ಲಬೇಕಲ್ಲ ಎಂದು ಸಮಾಧಾನ ಮಾಡಿಕೊಂಡ. ಅವಳು ತಾನಾಗಿ ಹೊರಟಳು. ಅಂಚೆ ಡಬ್ಬಿಯ ಬಳಿ ನಿಂತಳು. ದೀಪದ ಕಂಬದ ಕೆಳಗೆ ನಿಂತಳು. ಗೇಟಿನ ಮುಂದೆ ಬಂದಾಗ ಅವನು ಅಗುಳಿ ತೆಗೆಯಲು ಕೈ ನೀಡಿದ್ದ. ಯಜಮಾನಿ ಮುಂಗಾಲೆತ್ತಿ ಗೇಟಿನ ಹಲಗೆಗೆ ತಟ್ಟಿದಳು. ಮತ್ತೊಮ್ಮೆ ತಟ್ಟಿದಳು. ಆಮೇಲೆ ಸುಮ್ಮನೆ ನಿಂತಳು.

ಆ ಸಂಜೆ ಅವನು ಪ್ರಾರ್ಥನೆಗೆ ಕುಳಿತು, ಪುಸ್ತಕ ತೆರೆದು, ಒಂದು ಸಾಲನ್ನೂ ಓದದೆ ಮುಚ್ಚಿದ.

ಮಗಳಿಗೆ ಹೇಳಿದಾಗ ಅವಳು ಕೈ ತೊಳೆಯುತ್ತಾ ಹೇಳಿದಳು: "ಗುಮಾಸ್ತನಿಗೆ ಆ ದಾರಿ ಬಾಯಿಪಾಠ, ದೊಡ್ಡಪ್ಪ. ಅವನು ನಿಂತ ಕಡೆ ಯಜಮಾನಿಯೂ ನಿಲ್ತಾಳೆ. ಹಾಲಿನ ಗಾಡಿ ಕುದುರೆಗೆ ನಿಲ್ಲೋದು ಕಲಿಸಬೇಕಾ?"

"ಗೇಟು ತಟ್ಟಿದ್ದು?"

"ಹಸಿವಾಗಿತ್ತು."

ಮೆಲ್ಲಗೆ ನಡೆಸಬೇಕು ಎಂದು ಅವಳ ಅಪ್ಪಣೆ. ಹಾಗಾಗಿ ದಿನವೂ ದರ್ಜಿ ಯಜಮಾನಿಯನ್ನು ಹಳೆಯ ಲಾಯದ ಮುಂದಿನ ಮೆತ್ತನೆಯ ಬಯಲಿಗೆ ಕರೆದುಕೊಂಡು ಹೋಗಿ ಸಂಜೆಗೆ ವಾಪಸು ತರುತ್ತಿದ್ದ. ಅವಳ ಮಾತು ನಿಜವೋ ನೋಡಲು ಮರುದಿನವೇ ಅವನು ಗುಮಾಸ್ತನನ್ನು ಮನೆಯಲ್ಲಿ ಕಟ್ಟಿಹಾಕಿ ಹೋದ. ಹೋಗುವಾಗ ಯಜಮಾನಿ ಎಲ್ಲಿಯೂ ನಿಲ್ಲಲಿಲ್ಲ. ಬರುವಾಗ, ಮನೆಯ ಕಡೆ ಮುಖ ಮಾಡಿದಾಗ ಮಾತ್ರ, ಅದೇ ಮೂರು ಜಾಗಗಳಲ್ಲಿ ನಿಂತಳು. ಎರಡು ಸಲ ಗೇಟು ತಟ್ಟಿದಳು. ಒಳಗೆ ಗುಮಾಸ್ತ ಬೊಗಳಲಿಲ್ಲ. ಕಟ್ಟಿದ ಹಗ್ಗವನ್ನು ಎಳೆದಾಡುತ್ತಾ, ಒಡೆಯ ಬಂದಾಗ ಅಳುವಂತೆ ಸಣ್ಣಗೆ ಕುಂಯ್‌ಗುಟ್ಟಿತು.

ತಮ್ಮನ ಪೆಟ್ಟಿಗೆ ಬೇಗನೆ ಬರಿದಾಯಿತು. ಅವನ ಮಾತ್ರೆಯ ಜೊತೆ ಅವನೂ ಸ್ವಲ್ಪ ಯಜಮಾನಿಯ ಒಳಗೆ ಹೋಗಿರಬೇಕು, ಅದು ಮುಗಿದರೆ ಇದೂ ಮುಗಿಯುತ್ತದೆ ಎಂದು ದರ್ಜಿ ಅಂದುಕೊಂಡಿದ್ದ. ಅಂಗಡಿಯಿಂದ ಹೊಸ ಪೆಟ್ಟಿಗೆಗಳು ಬಂದವು. ನಿಲ್ಲುವುದು ನಿಲ್ಲಲಿಲ್ಲ.

ಭಯ ಎಷ್ಟು ದಿನ ಭಯವಾಗಿರುತ್ತದೆ? ದರ್ಜಿ ಸಂಜೆಯಾಗುವುದನ್ನು ಕಾಯತೊಡಗಿದ. ಅಂಚೆ ಡಬ್ಬಿಯ ಬಳಿ ಅವಳು ನಿಂತಾಗ ಅವನೂ ಗೋಡೆಗೆ ಒರಗಿ ಮಾತಾಡಿದ. "ಪೂರ್ವದ ಬೀದಿಯವನ ಕೋಟು ಮುಗೀತು ಕಣೋ. ಹೊಟ್ಟೆ ಮತ್ತೆ ಎರಡು ಅಂಗುಲ ಬೆಳೆದಿದೆ. ಹೊಲಿಗೆ ಬಿಚ್ಚಬೇಕು." ಯಜಮಾನಿಯ ಒಂದು ಕಿವಿ ಅವನ ಕಡೆ ತಿರುಗುತ್ತಿತ್ತು. ಗುಮಾಸ್ತ ಮುಂದೆ ಕುಳಿತು ಬೇರೆಲ್ಲೋ ನೋಡುತ್ತಿತ್ತು. ಶೆಡ್ಡಿನಲ್ಲಿ ಅದು ಅವಳ ಕಾಲ ಬುಡದಲ್ಲಿಯೇ ಮಲಗುತ್ತಿತ್ತು. ಒಡೆಯನ ಚಪ್ಪಲಿಯ ಮೇಲೆ ಗದ್ದವಿಡುತ್ತಿದ್ದಂತೆ ಅವಳ ಗೊರಸಿನ ಮೇಲೆ ಗದ್ದವಿಟ್ಟು.

ಈ ನಡುವೆ ಔಷಧಿ ತನ್ನ ಕೆಲಸ ಮಾಡುತ್ತಿತ್ತು. ಗುಮಾಸ್ತನ ಕಿವಿಯ ಅಂಚಿನಲ್ಲಿ ಹೊಸ ಚರ್ಮ ಮೂಡಿತು. ಯಜಮಾನಿ ಮುಂಗಾಲನ್ನು ಮುಂದೆ ಚಾಚಿ ನಿಲ್ಲುವುದು ಕಡಿಮೆಯಾಯಿತು. ಒಂದು ಸಂಜೆ ಅವಳು ಗಡಿಯಾರದ ಅಂಗಡಿಯನ್ನು ತಿರುಗಿಯೂ ನೋಡದೆ ದಾಟಿದಳು. ಇನ್ನಷ್ಟು ದಿನ ಕಳೆದ ಮೇಲೆ ಅಂಚೆ ಡಬ್ಬಿಯನ್ನೂ ದಾಟಿದಳು. ತಮ್ಮನಿಗೆ ನೋವು ಯಾವ ಕ್ರಮದಲ್ಲಿ ಬಂದಿತ್ತೋ ಅದರ ಹಿಮ್ಮುಖವಾಗಿ ಅದು ಬಿಟ್ಟು ಹೋಗುತ್ತಿತ್ತು. ಉಳಿದದ್ದು ದೀಪದ ಕಂಬ ಒಂದೇ. ಅಲ್ಲಿಯೂ ಅವಳು ನಿಲ್ಲುವುದು ಒಂದು ಉಸಿರಿನಷ್ಟು. ಗೇಟನ್ನು ತಟ್ಟುವುದೂ ಒಂದೇ ಸಲ, ಅದೂ ಯಾವುದೋ ಮರೆತ ಕೆಲಸ ನೆನಪಾದಂತೆ.

ಮಗಳು ಬಂದು ನೋಡಿ ಕುಣಿದಾಡಿದಳು. "ಹಿಡೀತು ದೊಡ್ಡಪ್ಪ, ಔಷಧಿ ಹಿಡೀತು! ಹೀಗೇ ಬಿಡದೆ ಕೊಡಿ."

ಅವಳು ಹೋದ ಮೇಲೆ ದರ್ಜಿ ಹತ್ತು ಮಾತ್ರೆಗಳನ್ನು ಬಟ್ಟೆಯ ಮೇಲೆ ಹರಡಿ, ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡ. ಅದರ ಭಾರದಿಂದಲೇ ಅವನು ಮಾತ್ರೆ ಅರೆಯುತ್ತಿದ್ದುದು. ಎತ್ತಿದ ಪೆಟ್ಟಿಗೆ ಕೆಳಗಿಳಿಯಲಿಲ್ಲ. ಇದನ್ನು ಕೊಟ್ಟರೆ ನಾಳೆಯೋ ನಾಡಿದ್ದೋ ದೀಪದ ಕಂಬವೂ ಹೋಗುತ್ತದೆ. ಆಮೇಲೆ ಗಲ್ಲಿ ಬರಿಯ ಗಲ್ಲಿ. ಕುದುರೆ ಬರಿಯ ಕುದುರೆ.

"ಅವನನ್ನು ನೀನೇ ಕರೆದುಕೊಂಡೆ," ಎಂದು ಅವನು ಕಪಾಟಿನ ಪುಸ್ತಕದ ಕಡೆ ನೋಡಿ ಹೇಳಿದ. "ಇಷ್ಟನ್ನಾದರೂ ಬಿಡು."

ಮಾತ್ರೆಗಳನ್ನು ಗುಂಡಿಗಳ ಡಬ್ಬಿಗೆ ಸುರಿದು ಮುಚ್ಚಳ ಹಾಕಿದ. ಯಜಮಾನಿಗೆ ಬರೀ ತವುಡು ಕಲಸಿಕೊಟ್ಟ. ಮಾರನೆಯ ದಿನವೂ ಅಷ್ಟೇ, ಅದರ ಮುಂದಿನ ದಿನವೂ ಅಷ್ಟೇ.

ಅಂಚೆ ಡಬ್ಬಿ ವಾಪಸು ಬಂತು. ದರ್ಜಿಗೆ ಕಣ್ಣು ತುಂಬಿತು. ಗಡಿಯಾರದ ಅಂಗಡಿ ವಾಪಸು ಬಂದ ದಿನ ಅವನು ನಾಚಿಕೆ ಬಿಟ್ಟು ಅವಳ ಕತ್ತಿಗೆ ತೋಳು ಹಾಕಿ, "ಬಂದೆಯಾ?" ಎಂದ. ಬಾಗಿಲು ಕಿರ್ರೆಂದಿತು. ಗಡಿಯಾರದವನು ಒಂದು ಬಟ್ಟೆ ಹಿಡಿದು ಹೊರಗೆ ಬಂದಿದ್ದ. ಅವನೂ ವಯಸ್ಸಾದವನೇ, ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುವವನು.

"ಅಣ್ಣಾವ್ರೇ, ಒಂದು ಮಾತು. ಈ ಗಾಜು ನೋಡಿ."

ಗಾಜಿನ ಮೇಲೆ ಯಜಮಾನಿಯ ಉಸಿರಿನ ಹಬೆ ದುಂಡಗೆ ಕೂತಿತ್ತು. ಅದರ ಪಕ್ಕದಲ್ಲಿ, ಒಬ್ಬ ಮನುಷ್ಯನ ಎತ್ತರಕ್ಕೆ, ಎಣ್ಣೆ ಮೆತ್ತಿದಂತೆ ಇನ್ನೊಂದು ಗುರುತಿತ್ತು. ಅಗಲವಾದ, ಸ್ವಲ್ಪ ಓರೆಯಾದ ಗುರುತು.

"ಹಬೆ ಕುದುರೇದು, ಒಪ್ಪಿದೆ. ಇದು?" ಎಂದ ಗಡಿಯಾರದವನು. "ನಿಮ್ಮ ತಮ್ಮ ಹೋದ ಮೇಲೆ ನಾನೇ ಒರೆಸಿದ್ದೆ. ಈ ಕುದುರೆ ಬರೋಕೆ ಶುರು ಮಾಡಿದಾಗ ಮತ್ತೆ ಬಂತು. ಒರೆಸಿದರೆ ಮತ್ತೆ. ನಡುವೆ ಸ್ವಲ್ಪ ದಿನ ಇರಲಿಲ್ಲ. ಇವತ್ತು ನೋಡಿ."

"ಏನು ಗುರುತು ಅದು?"

"ಹಣೆ." ಅವನು ಬಟ್ಟೆಯನ್ನು ಕೈಯಲ್ಲಿ ತಿರುಚಿದ. "ನಿಮ್ಮ ತಮ್ಮ ಇಲ್ಲಿ ನಿಂತು ಗಡಿಯಾರ ನೋಡ್ತಿದ್ದ ಅಂದುಕೊಂಡಿದ್ದೀರಾ? ಗಾಜಿಗೆ ಹಣೆ ಒತ್ತಿ ಹಲ್ಲು ಕಚ್ಚಿಕೊಂಡು ನಿಲ್ತಿದ್ದ. ಬೀದಿಯವರಿಗೆ ಅವನ ಬೆನ್ನು. ಒಳಗೆ ಕೂತ ನನಗೆ ಮುಖ. ಕಣ್ಣಲ್ಲಿ ನೀರು ಸುರೀತಿತ್ತು. ಆಮೇಲೆ ತೋಳಿಂದ ಮುಖ ಒರೆಸಿಕೊಂಡು, ಆ ಹಕ್ಕಿ ಗಡಿಯಾರದ ಬಗ್ಗೆ ಏನೋ ತಮಾಷೆ ಮಾಡಿ ಹೋಗೋನು. ನಿಮಗೆ ಹೇಳಬಾರದು ಅಂತ ನನ್ನ ಹತ್ತಿರ ಮಾತು ತಗೊಂಡಿದ್ದ. ಈಗ ಅವನೇ ಇಲ್ಲ ಅಂತ ಹೇಳ್ತಿದ್ದೀನಿ. ಈ ಮೂಕ ಪ್ರಾಣೀದೂ ಅದೇ ಮುಖ, ನೋಡಿ."

ದರ್ಜಿ ನೋಡಿದ. ಇಷ್ಟು ದಿನ ಅವನು ಅವಳ ಕಿವಿ ನೋಡಿದ್ದ, ಕತ್ತು ನೋಡಿದ್ದ, ನಿಂತ ಜಾಗ ನೋಡಿದ್ದ. ಈಗ ಕಂಡದ್ದು ಮೂಗಿನ ಹೊಳ್ಳೆಗಳು ಬಿಗಿದು ಮೇಲಕ್ಕೆ ಸೆಳೆದುಕೊಂಡಿದ್ದು, ಕಣ್ಣಿನ ಮೇಲಿನ ಗುಳಿಗಳಲ್ಲಿ ಬೆವರು, ಮುಂದೆ ಚಾಚಿದ ಕಾಲಿನ ಸಣ್ಣ ನಡುಕ. ಗುಮಾಸ್ತ ಯಾಕೆ ಬೇರೆ ಕಡೆ ನೋಡಿಕೊಂಡು ಕೂರುತ್ತದೆ ಎಂಬುದು ಅವನಿಗೆ ಆಗ ಅರ್ಥವಾಯಿತು.

ಗೇಟಿನ ಹತ್ತಿರ ಮಗಳೂ ಲಾಳದವನೂ ಕಾಯುತ್ತಿದ್ದರು. ಲಾಳ ಬದಲಿಸುವ ದಿನ ಅದೇ ಆಗಿತ್ತು. ದರ್ಜಿಗೆ ಮರೆತೇ ಹೋಗಿತ್ತು. ಯಜಮಾನಿ ದೀಪದ ಕಂಬದ ಕೆಳಗೆ ಬಹಳ ಹೊತ್ತು ನಿಂತದ್ದನ್ನು, ಆಮೇಲೆ ತಲೆ ಮೇಲೆ ಕೆಳಗೆ ಆಡಿಸುತ್ತಾ ಕುಂಟಿ ಬಂದದ್ದನ್ನು, ಗೇಟನ್ನು ಎರಡು ಸಲ ತಟ್ಟಿದ್ದನ್ನು ಇಬ್ಬರೂ ನೋಡಿದರು.

ಮಗಳು ಬಗ್ಗಿ ಗೊರಸಿನ ಹಿಂಭಾಗ ಒತ್ತಿದಳು. ಯಜಮಾನಿ ಕಾಲು ಕಿತ್ತುಕೊಂಡಳು.

"ಮತ್ತೆ ಶುರುವಿಗೇ ಬಂದಿದೆ," ಎಂದಳು. "ಔಷಧಿ ಹಿಡಿದು ಬಿಟ್ಟುಬಿಡ್ತು. ಹೀಗೂ ಆಗುತ್ತೆ."

ಲಾಳದವನು ತನ್ನ ಚೀಲದಿಂದ ತೆಗೆದಿದ್ದ ಸುತ್ತಿಗೆಯನ್ನು ವಾಪಸು ಚೀಲಕ್ಕೆ ಹಾಕಿದ. ಆ ದಿನ ಅವನು ತಮಾಷೆ ಮಾಡಲಿಲ್ಲ. "ಹಾಗಾದ್ರೆ ನಾನು ಬರ್ತೀನಿ, ಡಾಕ್ಟರಮ್ಮ."

"ನಾಳೆ ಬೆಳಿಗ್ಗೆ ಬರ್ತೀನಿ, ದೊಡ್ಡಪ್ಪ. ನೀವು ಇಲ್ಲಿರಬೇಡಿ. ಪ್ರಾರ್ಥನೆಗೆ ಹೋಗಿಬಿಡಿ."

"ನಿಲ್ಲಿ," ಎಂದ ದರ್ಜಿ. ಒಳಗೆ ಹೋಗಿ ಗುಂಡಿಗಳ ಡಬ್ಬಿ ತಂದು ಅವಳ ಮುಂದೆ ತೆರೆದ. ಬಣ್ಣಬಣ್ಣದ ಗುಂಡಿಗಳ ಮೇಲೆ ಮಾತ್ರೆಗಳ ರಾಶಿ. "ನಾನು ಕೊಟ್ಟಿಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖ ಕೆಂಪೇರಿತು. "ಕೊಟ್ಟಿಲ್ಲ ಅಂದ್ರೆ? ಮರೆತುಬಿಟ್ರಾ?"

"ಮರೆತಿಲ್ಲ. ಅವಳು ನಿಲ್ಲಲಿ ಅಂತ."

"ನಿಲ್ಲಲಿ ಅಂತ! ಅಷ್ಟು ದೇವರು ದೇವರು ಅಂತೀರಲ್ಲ ದೊಡ್ಡಪ್ಪ, ಇದನ್ನ ಯಾವ ದೇವರು ಮೆಚ್ಚುತ್ತಾನೆ? ನಾನು ನಾಳೆ ಅವಳನ್ನ ಸಾಯಿಸ್ತಿದ್ದೆ!"

"ಗೊತ್ತಮ್ಮ. ಅದಕ್ಕೇ ಹೇಳಿದ್ದು."

ಅವಳು ಗೇಟಿಗೆ ಹಣೆ ಒತ್ತಿ ಅಳತೊಡಗಿದಳು. ಥೇಟ್ ತಂದೆಯ ಹಾಗೆ ಎಂದು ದರ್ಜಿಗೆ ಅನ್ನಿಸಿತು. ಈ ಹೊತ್ತಿಗೆ ಅವನಿಗೆ ಅದು ಗೊತ್ತಿತ್ತು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ತಳ್ಳಿಬಿಡಲಿಲ್ಲ.

"ಅಪ್ಪ ನಿಮಗೆ ಮಾತ್ರ ಬೇಕಾದವರು ಅಂದುಕೊಂಡಿದ್ದೀರಾ?" ಎಂದಳು ಆಮೇಲೆ, ಮೂಗು ಒರೆಸಿಕೊಂಡು. "ಇನ್ನೊಂದು ಲಾಳಕ್ಕೆ ಆಗೋವಷ್ಟು ಕಾಲ ಕೊಡ್ತೀನಿ. ಅಷ್ಟೇ. ಅದು ನಿಮಗಲ್ಲ, ಅವಳಿಗೆ."

ಲಾಳದವನು ಮತ್ತೆ ಚೀಲ ಬಿಚ್ಚಿದ.

ಆ ಸಂಜೆ ಇಸ್ತ್ರಿ ಪೆಟ್ಟಿಗೆ ಮಾತ್ರೆಗಳ ಮೇಲೆ ಇಳಿಯಿತು. ಆಮೇಲೆ ಒಂದು ಹೊತ್ತೂ ತಪ್ಪಲಿಲ್ಲ. ಗಡಿಯಾರದ ಅಂಗಡಿ ಹೋಯಿತು. ಅಂಚೆ ಡಬ್ಬಿ ಹೋಯಿತು. ದರ್ಜಿ ಯಾವುದನ್ನೂ ತಡೆದು ನಿಲ್ಲಿಸಲಿಲ್ಲ. ಬಯಲಿಗೆ ಹೊರಡುವಾಗ ಗೇಟನ್ನು ಪೂರ್ತಿ ತೆರೆದಿಟ್ಟು ಹೋಗುತ್ತಿದ್ದ. ಬಂದವರು ತಟ್ಟಬೇಕಾದ ಅಗತ್ಯ ಬೀಳದಿರಲಿ ಎಂದು.

ಯಜಮಾನಿ ದೀಪದ ಕಂಬವನ್ನೂ ನಿಲ್ಲದೆ ದಾಟಿದ ದಿನ ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಗಲ್ಲಿಯ ಬಾಯಿಂದಲೇ ಅವಳ ಹೆಜ್ಜೆ ಒಂದೇ ಸಮನಾಗಿತ್ತು. ಗಡಿಯಾರದವನು ಒಳಗಿನಿಂದ ಗಾಜಿಗೆ ಬೆರಳು ತಟ್ಟಿ ತೋರಿಸಿದ, ಗಾಜು ಸ್ವಚ್ಛವಾಗಿತ್ತು. ಇಷ್ಟರಲ್ಲಿ ದರ್ಜಿಗೆ ಗುಮಾಸ್ತ ಮುಂದೆ ಇಲ್ಲವೆಂಬುದು ಗಮನಕ್ಕೆ ಬಂತು. ತಿರುಗಿ ನೋಡಿದ.

ನಾಯಿ ಹಿಂದೆ ಬರುತ್ತಿತ್ತು, ಬೀದಿಯ ಇನ್ನೊಂದು ಬದಿಯಲ್ಲಿ. ಮೊದಲಿನಂತೆ ಮುಂದೆ ಓಡಿ ಕೂತು ಕಾಯಲಿಲ್ಲ. ಕಣ್ಣಿಗೆ ಕಾಣದ ಯಾರದೋ ಮಗ್ಗುಲಲ್ಲಿ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾ, ಆಗಾಗ ತಲೆಯೆತ್ತಿ ನೇರವಾಗಿ ಅವರ ಮುಖವನ್ನೇ ನೋಡುತ್ತಾ ಬರುತ್ತಿತ್ತು. ಅಂಚೆ ಡಬ್ಬಿಯ ಬಳಿ ನಿಲ್ಲಲಿಲ್ಲ. ದೀಪದ ಕಂಬದ ಬಳಿ ನಿಲ್ಲಲಿಲ್ಲ. ಅದರ ನಡೆ ಚುರುಕಾಗಿತ್ತು. ಇಬ್ಬರೂ ಹುಡುಗರಾಗಿದ್ದಾಗ ತಮ್ಮ ಅಣ್ಣನನ್ನು ಹಿಂದೆ ಹಾಕಿ ನಡೆಯುತ್ತಿದ್ದಷ್ಟು ಚುರುಕು.

ಯಜಮಾನಿ ತೆರೆದ ಗೇಟಿನೊಳಗೆ ತಾನಾಗಿ ಹೋದಳು. ದರ್ಜಿ ಹಗ್ಗ ಬಿಟ್ಟು ಗೇಟಿನ ಪಕ್ಕಕ್ಕೆ ಸರಿದು ನಿಂತ. ಗುಮಾಸ್ತ ಅವನ ಮುಂದೆಯೇ ಹಾದುಹೋಯಿತು. ಒಳಗೆ ಬರಲಿಲ್ಲ. ಬಾಲವಾಡಿಸುತ್ತಾ ಗಲ್ಲಿಯ ತಿರುವಿನವರೆಗೂ ಹೋಯಿತು. ದರ್ಜಿ ಅದನ್ನು ಹೋಗಲು ಬಿಟ್ಟ.

ತಿರುವಿನಲ್ಲಿ ನಾಯಿ ನಿಂತು, ತುಸು ಹೊತ್ತು ಆಚೆ ಕಡೆ ನೋಡಿತು. ಆಮೇಲೆ ಒಂಟಿಯಾಗಿ ತಿರುಗಿ ಬಂದು, ದರ್ಜಿಯ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿತು. ಅದರ ಕಿವಿಯ ಅಂಚು ಬೆಚ್ಚಗಿತ್ತು.

ಶೆಡ್ಡಿನಿಂದ ಬಕೆಟ್ಟು ಉರುಳಿಸಿದ ಸದ್ದು ಬಂತು. ಸಂಜೆಯ ಔಷಧಿಯ ಹೊತ್ತಾಗಿತ್ತು.